ತಡವಾಗಿ ಕೇಳಿದ ಗಿಟಾರು

“ಸಾಕು ಬಿಡೋ, ಕೈ ಹೋಯ್ತು” ಎಂದು ಮಾವ ಹೆಡ್‌ಫೋನ್ ತೆಗೆದು ಮಂಚದ ಮೇಲೆ ಹಾಕಿದರು. ಅಷ್ಟೊತ್ತಿಗೆ ರಾತ್ರಿ ಒಂಬತ್ತೂವರೆ. ಸಂಜೆ ಆರರಿಂದ ನಾವಿಬ್ಬರೂ ಒಂದು ಗಿಟಾರು, ಒಂದು ಲ್ಯಾಪ್‌ಟಾಪು, ಅವೆರಡರ ನಡುವೆ ಕೂರುವ ಅಂಗೈಯಗಲದ ಒಂದು ಡಬ್ಬಿ, ಇವುಗಳ ಜೊತೆ ಗುದ್ದಾಡುತ್ತಿದ್ದೆವು. ಡಬ್ಬಿಗೆ ಆಡಿಯೋ ಇಂಟರ್‌ಫೇಸ್ ಎಂದು ಹೆಸರು. ಗಿಟಾರಿನಿಂದ ಬರುವ ವಿದ್ಯುತ್ತಿನ ಅಲೆಯನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕೊಡುವುದು, ಅಲ್ಲಿಂದ ಬಂದ ಅಂಕಿಗಳನ್ನು ಮತ್ತೆ ಸದ್ದಾಗಿಸಿ ಕಿವಿಗೆ ಕೊಡುವುದು, ಇಷ್ಟೇ ಅದರ ಕೆಲಸ. ಇಷ್ಟೇ ಕೆಲಸಕ್ಕೆ ನಾನು ಮೂರೂವರೆ ಗಂಟೆ ಹಾಳು ಮಾಡಿದ್ದೆ.

ಮಾವ ಮೈಸೂರಿನ ಒಂದು ಆರ್ಕೆಸ್ಟ್ರಾದಲ್ಲಿ ಎಪ್ಪತ್ತರ ದಶಕದ ಕೊನೆಯಿಂದ ಇಪ್ಪತ್ತು ವರ್ಷ ಗಿಟಾರು ನುಡಿಸಿದವರು. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆಯ ರಿಸೆಪ್ಷನ್ನು. ಆಗ ಕನ್ನಡ ಸಿನಿಮಾದ ಹಾಡುಗಳು ಹೆಚ್ಚಾಗಿ ಮದ್ರಾಸಿನಲ್ಲಿ ರೆಕಾರ್ಡ್ ಆಗುತ್ತಿದ್ದವು. ಇವರು ಅವನ್ನು ಕ್ಯಾಸೆಟ್ಟಿನಲ್ಲಿ ಕೇಳಿ, ಕೇಳಿ, ಬೆರಳಿಗೆ ಇಳಿಸಿಕೊಂಡು ಊರೂರಿಗೆ ಹೊತ್ತೊಯ್ಯುತ್ತಿದ್ದರು. ಇದರ ನಡುವೆ ಮಾವ ತಮ್ಮದೇ ಒಂಬತ್ತು ಸಣ್ಣ ಟ್ಯೂನುಗಳನ್ನು ಕಟ್ಟಿದ್ದರು. ಒಬ್ಬ ಗಾಯಕ ಇಳಿದು ಇನ್ನೊಬ್ಬ ಸ್ಟೇಜಿಗೆ ಹತ್ತುವವರೆಗೆ ಜನ ಎದ್ದು ಹೋಗದ ಹಾಗೆ ಹಿಡಿದಿಡಲು ನುಡಿಸುವ ಬಿಟ್ಟುಗಳು. ಅವು ಎಲ್ಲಿಯೂ ದಾಖಲಾಗಿಲ್ಲ. ಕಳೆದ ವರ್ಷ ಅವರ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಇದು ಹಿಂದಕ್ಕೆ ಹೋಗುವ ಕಾಯಿಲೆಯಲ್ಲ ಎಂದರು. ಅದಕ್ಕೇ ನಾನು ಡಬ್ಬಿ ಕೊಂಡು ತಂದದ್ದು.

ಆ ರಾತ್ರಿ ಅವರ ಕೈ ಹೋಗಿರಲಿಲ್ಲ. ಅದು ನನಗೆ ಎರಡು ದಿನ ಬಿಟ್ಟು ಗೊತ್ತಾಯಿತು. ತಪ್ಪು ಎಲ್ಲಿತ್ತೆಂದು ಹುಡುಕಿಕೊಂಡು ಹೋದವನಿಗೆ ಸಿಕ್ಕಿದ್ದು ಬರೀ ಒಂದು ಸೆಟ್ಟಿಂಗ್ ಅಲ್ಲ. ನಮ್ಮನ್ನು ಕಾಡಿದ ಒಂದೊಂದು ತೊಂದರೆಯೂ ಅರವತ್ತು, ಎಂಬತ್ತು ವರ್ಷಗಳ ಹಿಂದೆ ಯಾರನ್ನೋ ಕಾಡಿತ್ತು.

ಮೊದಲ ತೊಂದರೆ ಗುಂಯ್ ಎನ್ನುವ ಸದ್ದು. ಕೇಬಲ್ಲು ಚುಚ್ಚಿದ ಕ್ಷಣದಿಂದ ಹೆಡ್‌ಫೋನಿನಲ್ಲಿ ಜೇನುಗೂಡು ಹೊಕ್ಕ ಹಾಗೆ. ನಾನು ಡಬ್ಬಿಯನ್ನೇ ಬೈಯುತ್ತಿದ್ದೆ. ಮಾವ ತಲೆ ಓರೆ ಮಾಡಿ ಕೇಳಿ, “ಕರೆಂಟು ಯಾವಾಗಲೂ ಜಿ ಸ್ಕೇಲಲ್ಲೇ ಹಾಡೋದು” ಎಂದರು. ತಮಾಷೆ ಅಂದುಕೊಂಡೆ. ಆಮೇಲೆ ಲೆಕ್ಕ ಹಾಕಿದರೆ ನಿಜ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ತಿರುಗುತ್ತದೆ, ಅದರ ಇಮ್ಮಡಿ 100. ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್ಟಿನಲ್ಲಿ ಸಿಗುವ ಜಿ ಸ್ವರ 98. ಎರಡೂ ಒಟ್ಟಿಗೆ ಕೇಳಿದರೆ ಸೆಕೆಂಡಿಗೆ ಎರಡು ಸಲ ಅಲೆ ಏರಿ ಇಳಿಯುತ್ತದೆ. ಅಮೆರಿಕದ ಕರೆಂಟು 60ರದ್ದು, ಅದು ಬಿ ಫ್ಲ್ಯಾಟಿಗೂ ಬಿಗೂ ಮಧ್ಯೆ ಎಲ್ಲೋ ಅಪಸ್ವರವಾಗಿ ನಿಲ್ಲುತ್ತದೆ. ಈ ಲೆಕ್ಕದಲ್ಲಿ ನಮ್ಮ ಗುಂಯ್ ಸ್ವಲ್ಪ ಸುಸಂಸ್ಕೃತ.

ಅದು ಗಿಟಾರಿನೊಳಗೆ ಬರುವುದು ಹೇಗೆ ಎನ್ನುವುದಕ್ಕೆ 1930ರ ದಶಕದ ಲಾಸ್ ಏಂಜಲೀಸಿಗೆ ಹೋಗಬೇಕು. ಆಗ ಬ್ಯಾಂಡುಗಳಲ್ಲಿ ತುತ್ತೂರಿ, ಸ್ಯಾಕ್ಸೋಫೋನುಗಳ ಗದ್ದಲದ ಮಧ್ಯೆ ಗಿಟಾರಿನ ದನಿ ಯಾರಿಗೂ ಕೇಳುತ್ತಿರಲಿಲ್ಲ. ಹವಾಯಿ ಶೈಲಿಯ ಗಿಟಾರು ನುಡಿಸುತ್ತಿದ್ದ ಜಾರ್ಜ್ ಬೋಶಾಂಪ್ ಎಂಬಾತ ಮೈಕನ್ನು ಬಿಟ್ಟು ಬೇರೆ ದಾರಿ ಹಿಡಿದ. ಕುದುರೆ ಲಾಳದ ಆಕಾರದ ಎರಡು ಅಯಸ್ಕಾಂತ, ಅವುಗಳ ನಡುವೆ ತಾಮ್ರದ ತಂತಿಯ ಸುರುಳಿ. ಮೇಲೆ ಉಕ್ಕಿನ ತಂತಿ ಅದುರಿದರೆ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಅಷ್ಟೇ ಅಲುಗುವ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವವೇ ಇದು. ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ ಆತ 1932ರಲ್ಲಿ ಮಾರಾಟಕ್ಕೆ ತಂದ ಗಿಟಾರು ದುಂಡಗಿನ ಪುಟ್ಟ ಹೊಟ್ಟೆ, ಉದ್ದನೆ ಕೈಯ ಬಾಣಲೆಯ ಹಾಗಿತ್ತು, ಜನ ‘ಫ್ರೈಯಿಂಗ್ ಪ್ಯಾನ್’ ಎಂದೇ ಕರೆದರು. 1934ರಲ್ಲಿ ಹಾಕಿದ ಅರ್ಜಿಗೆ ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ಅಷ್ಟರಲ್ಲಿ ಬೇರೆಯವರೂ ಅದೇ ದಾರಿ ಹಿಡಿದಿದ್ದರು. ಗಿಬ್ಸನ್ ಕಂಪನಿ 1936ರಲ್ಲಿ ಇಎಸ್-150 ಗಿಟಾರನ್ನು ತಂದಿತ್ತು. ಅದನ್ನು ಹಿಡಿದು ಬೆನ್ನಿ ಗುಡ್‌ಮನ್ ತಂಡದಲ್ಲಿ ನುಡಿಸಿದ ಚಾರ್ಲಿ ಕ್ರಿಶ್ಚಿಯನ್ 25ನೇ ವಯಸ್ಸಿಗೆ ತೀರಿಕೊಂಡರೂ, ಗಿಟಾರು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದಿತ್ತು.

ಆದರೆ ಸುರುಳಿಗೆ ಯಾವುದು ತಂತಿಯ ಅಲುಗಾಟ, ಯಾವುದು ಗೋಡೆಯಾಚೆಯ ಟ್ರಾನ್ಸ್‌ಫಾರ್ಮರಿನ ಅಲುಗಾಟ ಎಂಬ ಭೇದವಿಲ್ಲ. ಎರಡನ್ನೂ ಹೀರುತ್ತದೆ. ಸಂಗೀತಗಾರರು ಇದನ್ನು ಇಪ್ಪತ್ತು ವರ್ಷ ಸಹಿಸಿಕೊಂಡರು. 1955ರಲ್ಲಿ ಗಿಬ್ಸನ್ನಿನ ಎಂಜಿನಿಯರ್ ಸೆತ್ ಲವರ್ ಒಂದರ ಬದಲು ಎರಡು ಸುರುಳಿ ಇಟ್ಟು, ಒಂದನ್ನು ತಿರುಗಾಮುರುಗಾ ಸುತ್ತಿ, ಅದರ ಅಯಸ್ಕಾಂತದ ಧ್ರುವವನ್ನೂ ತಿರುಗಿಸಿ ಪೇಟೆಂಟಿಗೆ ಅರ್ಜಿ ಹಾಕಿದ. ಹೊರಗಿನ ಗುಂಯ್ ಎರಡರಲ್ಲೂ ವಿರುದ್ಧವಾಗಿ ಬಂದು ಒಂದನ್ನೊಂದು ಕಳೆಯುತ್ತದೆ. ತಂತಿಯ ಸ್ವರ ಎರಡು ಸಲ ತಿರುಗಿ ನೇರವಾಗಿ ಕೂಡಿಕೊಳ್ಳುತ್ತದೆ. ಹಮ್‌ಬಕರ್ ಎಂದು ಹೆಸರಾದದ್ದು ಇದು. ಪೇಟೆಂಟ್ ಕೈಸೇರಿದ್ದು 1959ರಲ್ಲಿ. ಅದಕ್ಕೂ ಮೊದಲಿನ, ‘ಪೇಟೆಂಟಿಗೆ ಅರ್ಜಿ ಹಾಕಿದೆ’ ಎಂಬ ಚೀಟಿ ಅಂಟಿದ ಪಿಕಪ್ಪುಗಳಿಗೆ ಈಗ ಚಿನ್ನದ ಬೆಲೆ.

ಮಾವನ ಕಲ್ಕತ್ತೆಯ ಗಿಟಾರಿಗೆ ಇರುವುದು ಒಂಟಿ ಸುರುಳಿ. ಅವರು ಪೇಟೆಂಟುಗಳ ಗೋಜಿಗೆ ಹೋಗದೆ ಕುರ್ಚಿ ಸಮೇತ ನಿಧಾನವಾಗಿ ತಿರುಗಿದರು. ಕಿಟಕಿಯ ಕಡೆ ಮುಖವಾದಾಗ ಸದ್ದು ಮುಕ್ಕಾಲು ಪಾಲು ಬಿದ್ದುಹೋಯಿತು. “ಸ್ಟೇಜಲ್ಲಿ ನಾನು ಯಾವಾಗಲೂ ಓರೆಯಾಗಿ ನಿಲ್ತಿದ್ದೆ. ಜನ ಸ್ಟೈಲು ಅಂದ್ಕೊಂಡಿದ್ರು” ಎಂದರು. ಸುರುಳಿಯ ಮುಖವನ್ನು ಕಾಂತಕ್ಷೇತ್ರದ ದಿಕ್ಕಿನಿಂದ ತಪ್ಪಿಸಿದರೆ ಅದು ಹೀರುವುದು ಕಡಿಮೆಯಾಗುತ್ತದೆ. ಉಳಿದ ಕಿರಿಕಿರಿ ಲ್ಯಾಪ್‌ಟಾಪಿನ ಚಾರ್ಜರಿನದು. ಗೋಡೆಯ ಸಾಕೆಟ್ಟಿಗೆ ಮೂರು ತೂತಿದ್ದವು, ಮೂರನೆಯದರ ಹಿಂದೆ ಅರ್ತ್ ವೈರೇ ಇರಲಿಲ್ಲ. ತಂತಿಯ ಮೇಲೆ ಕೈಯಿಟ್ಟರೆ ಸದ್ದು ತಗ್ಗುವುದು, ತೆಗೆದರೆ ಏರುವುದು, ಇದು ಅದರ ಗುರುತು. ಚಾರ್ಜರು ಕಿತ್ತು ಬ್ಯಾಟರಿಯಲ್ಲಿ ಓಡಿಸಿದ ಮೇಲೆ ಕೋಣೆಯ ಮೌನ ಕೇಳಿಸಿತು.

ಎರಡನೆಯ ತೊಂದರೆಯನ್ನು ನಾನೇ ಮಾಡಿಕೊಂಡದ್ದು. ಗಿಟಾರಿನ ದನಿ ತಗಡಿನ ಡಬ್ಬದೊಳಗಿಂದ ಬಂದಂತಿತ್ತು, ಮೇಲಿನ ಸ್ವರಗಳ ಹೊಳಪೇ ಇಲ್ಲ. ಡಬ್ಬಿಯ ಮುಂದಿನ ‘ಇನ್‌ಸ್ಟ್ರುಮೆಂಟ್’ ಎಂಬ ಪುಟ್ಟ ಗುಂಡಿಯನ್ನು ಒತ್ತಿರಲಿಲ್ಲ. ಕೂದಲೆಳೆಯ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಪಿಕಪ್ಪು ಬಲು ಸಂಕೋಚದ ಪ್ರಾಣಿ. ಅದಕ್ಕೆ ಎದುರಿನ ಸರ್ಕ್ಯೂಟು ಹೆಚ್ಚು ಎಳೆಯಬಾರದು, ಹತ್ತು ಲಕ್ಷ ಓಮ್‌ನಷ್ಟು ಪ್ರತಿರೋಧ ಇರಬೇಕು. ಮೈಕಿಗೆಂದು ಮಾಡಿದ ಬಾಯಿಯಲ್ಲಿ ಇರುವುದು ಕೆಲವೇ ಸಾವಿರ. ಅಲ್ಲಿಗೆ ಚುಚ್ಚಿದರೆ ಮೊದಲು ಸಾಯುವುದು ದನಿಯ ಹೊಳಪು. ಗುಂಡಿ ಒತ್ತಿದ ಕೂಡಲೇ ಹಳೆಯ ಕಿಟಕಿಯ ಗಾಜು ಒರೆಸಿದಂತಾಯಿತು.

ಗಿಟಾರನ್ನು ಆಂಪ್ಲಿಫೈಯರ್ ಇಲ್ಲದೆ ನೇರವಾಗಿ ರೆಕಾರ್ಡಿಂಗ್ ಯಂತ್ರಕ್ಕೆ ಕೊಡುವುದು ಕಂಪ್ಯೂಟರ್ ಕಾಲದ ಸೋಮಾರಿತನ ಎಂದು ಗೊಣಗುವವರಿದ್ದಾರೆ. ಡೆಟ್ರಾಯ್ಟಿನ ಮೋಟೌನ್ ಸ್ಟುಡಿಯೋದಲ್ಲಿ ಅರವತ್ತರ ದಶಕದಲ್ಲೇ ಗಿಟಾರು, ಬಾಸುಗಳು ನೇರವಾಗಿ ಕನ್ಸೋಲಿಗೆ ಹೋಗುತ್ತಿದ್ದವು. ಲೆಸ್ ಪಾಲ್ ಅಂತೂ ಗಿಟಾರಿನ ಸಂಕೋಚವನ್ನೇ ಬಿಡಿಸಬೇಕೆಂದು ಕಡಿಮೆ ಇಂಪೀಡೆನ್ಸಿನ ಪಿಕಪ್ಪುಗಳ ಪರ ಜೀವನವಿಡೀ ವಾದಿಸಿದ. 1971ರಲ್ಲಿ ಅವನ ಹೆಸರಿನಲ್ಲೇ ‘ರೆಕಾರ್ಡಿಂಗ್’ ಎಂಬ ಮಾದರಿ ಬಂತು, ನೇರವಾಗಿ ಕನ್ಸೋಲಿಗೆ ಚುಚ್ಚಲೆಂದೇ. ಗಿಟಾರಿಗರು ಅದನ್ನು ಕೊಳ್ಳಲಿಲ್ಲ. ಅವರಿಗೆ ಹಳೆಯ ಸಂಕೋಚದ ದನಿಯೇ ಪ್ರೀತಿಯಾಗಿತ್ತು.

ಅದೇ ಡಬ್ಬಿಯಲ್ಲಿ ‘48ವಿ’ ಎಂಬ ಇನ್ನೊಂದು ಗುಂಡಿ ಇದೆ. ಗಿಟಾರಿಗೆ ಬೇಕಿಲ್ಲ, ಕೆಲವು ಮೈಕುಗಳಿಗೆ ಕೇಬಲ್ಲಿನಲ್ಲೇ ಕರೆಂಟು ಕಳಿಸಲು ಇರುವುದು. ನಲವತ್ತೆಂಟೇ ಏಕೆ? 1966ರಲ್ಲಿ ನಾರ್ವೆಯ ರೇಡಿಯೋದವರು ಜರ್ಮನಿಯ ನಾಯ್‌ಮನ್ ಕಂಪನಿಗೆ ಇಂಥ ಮೈಕು ಬೇಕೆಂದಾಗ, ಅವರ ಸ್ಟುಡಿಯೋಗಳ ತುರ್ತು ದೀಪಗಳಿಗೆಂದು 48 ವೋಲ್ಟಿನ ಲೈನು ಮೊದಲೇ ಇತ್ತು. ಅದೇ ಸಾಕು ಎಂದರು. ಅಂದಿನಿಂದ ಜಗತ್ತಿನ ಎಲ್ಲ ಡಬ್ಬಿಗಳಲ್ಲೂ ನಾರ್ವೆಯ ಆ ದೀಪ ಉರಿಯುತ್ತಿದೆ.

ಮೂರನೆಯದು ಒಡಕು ಸದ್ದು. ಮೀಟರು ಕೆಂಪಾಗುವವರೆಗೆ ಗುಬಟು ತಿರುಗಿಸುವುದು ಟೇಪಿನ ಕಾಲದ ಬುದ್ಧಿ, ಸಣ್ಣ ಸದ್ದು ಟೇಪಿನ ಸುಯ್ಯೆನ್ನುವಿಕೆಯಲ್ಲಿ ಮುಳುಗದಿರಲೆಂದು. ಅಂಕಿಗಳ ಲೋಕದಲ್ಲಿ ಸೊನ್ನೆ ಡೆಸಿಬೆಲ್ಲಿನ ಮೇಲೆ ಜಾಗವೇ ಇಲ್ಲ, ಅಲೆಯ ತಲೆಯನ್ನು ಕತ್ತರಿಸಿ ಎಸೆಯುತ್ತದೆ. 24 ಬಿಟ್ಟಿನಲ್ಲಿ ರೆಕಾರ್ಡ್ ಮಾಡುವಾಗ ಹನ್ನೆರಡು ಡೆಸಿಬೆಲ್ ಕೆಳಗಿದ್ದರೂ ಏನೂ ನಷ್ಟವಿಲ್ಲ. ಕಡಿಮೆ ಮಾಡಿದೆ, ಮುಗಿಯಿತು.

ಆದರೆ ಒಡಕು ಸದ್ದಿನ ಕತೆಯನ್ನು ಹೇಳದೆ ಮುಂದೆ ಹೋಗಲಾರೆ. ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಹಾಡುತ್ತಿದ್ದ ‘ಡೋಂಟ್ ವರಿ’ ಎಂಬ ಸಾಧು ಹಾಡಿನ ರೆಕಾರ್ಡಿಂಗ್. ಗ್ರೇಡಿ ಮಾರ್ಟಿನ್ ಎಂಬಾತ ಆರು ತಂತಿಯ ಬಾಸು ನುಡಿಸುತ್ತಿದ್ದ. ಕನ್ಸೋಲಿನ ಆ ಚಾನೆಲ್ಲಿನಲ್ಲಿ ಒಂದು ಟ್ರಾನ್ಸ್‌ಫಾರ್ಮರು ಕೆಟ್ಟಿತ್ತು. ನಡುವೆ ಬರುವ ಗಿಟಾರಿನ ತುಣುಕು ಕರ್ರೆಂದು ಹರಿದ ಬಟ್ಟೆಯಂತೆ ಬಂತು. ಅದನ್ನು ಅಳಿಸದೆ ಹಾಗೇ ಬಿಟ್ಟರು. 1961ರಲ್ಲಿ ಹಾಡು ಗೆದ್ದಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಟ್ಟ ಸದ್ದನ್ನು ಟ್ರಾನ್ಸಿಸ್ಟರುಗಳಲ್ಲಿ ಬೇಕೆಂದೇ ಮಾಡುವ ಪೆಟ್ಟಿಗೆ ಕಟ್ಟಿದ. 1962ರಲ್ಲಿ ಅದು ಮಾರುಕಟ್ಟೆಗೆ ಬಂತು, 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಅದರ ಮೇಲೆ ಕಾಲಿಟ್ಟು ‘ಸ್ಯಾಟಿಸ್ಫ್ಯಾಕ್ಷನ್’ ನುಡಿಸಿದ ಮೇಲೆ ಅಂಗಡಿಗಳಲ್ಲಿ ಉಳಿಯಲಿಲ್ಲ. 1968ರಲ್ಲಿ ಬೀಟಲ್ಸ್‌ ‘ರೆವಲ್ಯೂಷನ್’ ಹಾಡಿಗೆ ಗಿಟಾರುಗಳನ್ನು ಆಂಪ್ಲಿಫೈಯರೇ ಇಲ್ಲದೆ ನೇರ ಕನ್ಸೋಲಿಗೆ ಕೊಟ್ಟು, ಒಂದರ ಬೆನ್ನಿಗೆ ಒಂದು ಪ್ರೀಆಂಪ್ ಹಚ್ಚಿ ಉಸಿರುಗಟ್ಟಿಸಿದರು. ನಾನು ಅಂದು ಸಂಜೆ ಅರಿಯದೆ ಮಾಡಿದ್ದೂ ಹೆಚ್ಚುಕಡಿಮೆ ಇದೇ. ಮಾವನಿಗೆ ಹೇಳಿದೆ. “ಅವರು ಇಂಗ್ಲೆಂಡಿನವರು, ನಡೆಯುತ್ತೆ. ನಮ್ಮ ಪೆಂಡಾಲಲ್ಲಿ ಹಾಗೆ ಬಂದಿದ್ರೆ ಮೈಕ್‌ಸೆಟ್‌ನವನಿಗೆ ಹೊಡೀತಿದ್ರು” ಎಂದರು.

ಇನ್ನು ನಾಲ್ಕನೆಯದು, ಮಾವನ ಹೆಡ್‌ಫೋನ್ ಮಂಚಕ್ಕೆ ಬೀಳಿಸಿದ್ದು.

ತಾಳಕ್ಕೆ ಕಂಪ್ಯೂಟರಿನ ಟಕ್‌ಟಕ್ ಹಾಕಿ, ಅದರ ಮೇಲೆ ನುಡಿಸಿ ಎಂದಿದ್ದೆ. ನಾಲ್ಕಾರು ಸಾಲು ನುಡಿಸಿ ಹುಬ್ಬು ಗಂಟಿಕ್ಕಿದರು. ಮತ್ತೆ ಶುರುಮಾಡಿದರು. ಈ ಸಲ ಟಕ್‌ಟಕ್‌ಗಿಂತ ಮುಂದೆ ಓಡಿದರು, ಆಮೇಲೆ ಹಿಂದೆ ಬಿದ್ದರು. ಇಪ್ಪತ್ತು ವರ್ಷ ಡ್ರಮ್ಮಿನ ಪಕ್ಕ ನಿಂತ ಮನುಷ್ಯ. ನನ್ನ ಕಿವಿಗೂ ಅವರ ಸ್ವರ ತಡವಾಗಿಯೇ ಕೇಳುತ್ತಿತ್ತು. ನಾವಿಬ್ಬರೂ ಒಂದೇ ತೀರ್ಮಾನಕ್ಕೆ ಬಂದೆವು, ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ಅವರೇ ಹೇಳಿದರು.

ಕಂಪ್ಯೂಟರು ಸದ್ದನ್ನು ಹನಿಹನಿಯಾಗಿ ತೆಗೆದುಕೊಳ್ಳುವುದಿಲ್ಲ. ಸೆಕೆಂಡಿಗೆ 44,100 ಹನಿ ಬೀಳುತ್ತಿದ್ದರೆ, ಅದು ಬಿಂದಿಗೆ ತುಂಬುವವರೆಗೆ ಕಾದು ಬಿಂದಿಗೆ ಸಮೇತ ಎತ್ತಿಕೊಳ್ಳುತ್ತದೆ. ಆ ಬಿಂದಿಗೆಯೇ ಬಫರ್. ನನ್ನ ಲ್ಯಾಪ್‌ಟಾಪಿನಲ್ಲಿ ಬಿಂದಿಗೆಗೆ 2048 ಹನಿ. ತುಂಬಲು 46 ಮಿಲಿಸೆಕೆಂಡು, ಹೊರಗೆ ಬರುವಾಗ ಇನ್ನೊಂದು 46, ನಡುವಿನ ಇತರೆ ಖರ್ಚು ಸೇರಿ ಸೆಕೆಂಡಿನ ಹತ್ತನೆಯ ಒಂದು ಭಾಗ. ಗಾಳಿಯಲ್ಲಿ ಸದ್ದು ಅಷ್ಟರಲ್ಲಿ 34 ಮೀಟರು ಹೋಗುತ್ತದೆ. ಅಂದರೆ ಮಾವ ಮೈದಾನದ ಒಂದು ತುದಿಯಲ್ಲಿ ಕೂತು, ಇನ್ನೊಂದು ತುದಿಯ ಸ್ಪೀಕರಿನಿಂದ ತಮ್ಮದೇ ಗಿಟಾರು ಕೇಳಿಸಿಕೊಂಡು ತಾಳ ಹಿಡಿಯಬೇಕಿತ್ತು. ಯಾರ ಕೈಯಾದರೂ ಹೋಗುತ್ತದೆ.

ಈ ತಡದ ಜೊತೆ ಮೊದಲು ಸೆಣಸಿದವರಲ್ಲಿ ಲೆಸ್ ಪಾಲ್ ಕೂಡ ಒಬ್ಬ. 1948ರಲ್ಲಿ ಬಂದ ಅವನ ‘ಲವರ್’ ರೆಕಾರ್ಡಿನಲ್ಲಿ ಎಂಟು ಗಿಟಾರು ಕೇಳುತ್ತವೆ, ಎಂಟನ್ನೂ ನುಡಿಸಿದವನು ಅವನೇ. ಹಾಲಿವುಡ್ಡಿನ ತನ್ನ ಗ್ಯಾರೇಜಿನಲ್ಲಿ ಎರಡು ಡಿಸ್ಕ್ ಯಂತ್ರ ಇಟ್ಟು, ಒಂದರಲ್ಲಿ ನುಡಿಸಿದ್ದನ್ನು ಹಾಕಿ ಅದರ ಜೊತೆ ನುಡಿಸುತ್ತಾ ಇನ್ನೊಂದಕ್ಕೆ ಕೆತ್ತುವುದು, ಮತ್ತೆ ಅದನ್ನು ಹಾಕಿ ಇನ್ನೊಂದು ಪದರ. ಒಂದು ಯಂತ್ರವನ್ನು ಕ್ಯಾಡಿಲಾಕ್ ಕಾರಿನ ಫ್ಲೈವ್ಹೀಲಿನಿಂದ ಮಾಡಿಕೊಂಡಿದ್ದ. ಅದೇ ವರ್ಷ ಕಾರು ಅಪಘಾತದಲ್ಲಿ ಬಲ ಮೊಣಕೈ ಚೂರಾಯಿತು. ಕೀಲು ಇನ್ನು ಮಡಚದು ಎಂದಾಗ, ಗಿಟಾರು ಹಿಡಿಯುವ ಕೋನದಲ್ಲೇ ಕೈಯನ್ನು ಕೂರಿಸಲು ಡಾಕ್ಟರರಿಗೆ ಹೇಳಿದ. ಮರುವರ್ಷ ಗಾಯಕ ಬಿಂಗ್ ಕ್ರಾಸ್ಬಿ ಒಂದು ಆಂಪೆಕ್ಸ್ ಟೇಪ್ ಯಂತ್ರ ಕೊಟ್ಟಾಗ, ಲೆಸ್ ಪಾಲ್ ಅದಕ್ಕೊಂದು ಹೆಚ್ಚುವರಿ ಹೆಡ್ ಹಾಕಿಸಿದ. ಟೇಪು ಅಳಿಸುವ ಹೆಡ್ಡಿಗೆ ತಲುಪುವ ಮುನ್ನ ಹಳೆಯದು ಕಿವಿಗೆ ಬರುತ್ತದೆ, ಹೊಸದರ ಜೊತೆ ಬೆರೆತು ಮತ್ತೆ ಅದೇ ಟೇಪಿಗೆ ಹೋಗುತ್ತದೆ. ಹಳೆಯದು ಅಷ್ಟರಲ್ಲಿ ಅಳಿದಿರುತ್ತದೆ. ಹತ್ತನೇ ಪದರದಲ್ಲಿ ತಪ್ಪಿದರೆ ಮೊದಲಿಂದ ಶುರು. ಹೆಂಡತಿ ಮೇರಿ ಫೋರ್ಡ್ ಜೊತೆ ಹೀಗೆ ಕಟ್ಟಿದ ‘ಹೌ ಹೈ ದ ಮೂನ್’ 1951ರಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು.

ಪದರಗಳನ್ನು ಬೇರೆ ಬೇರೆ ಟ್ರ್ಯಾಕಿನಲ್ಲಿ ಇಡಬಹುದಲ್ಲ? ಇಡಬಹುದು, ಆದರೆ ಅಲ್ಲಿ ಕೂತಿತ್ತು ನಮ್ಮ ತೊಂದರೆ. ಟೇಪ್ ಯಂತ್ರದಲ್ಲಿ ಬರೆಯುವ ಹೆಡ್ ಒಂದು ಕಡೆ, ಓದುವ ಹೆಡ್ ಸ್ವಲ್ಪ ಮುಂದೆ. ಎರಡಿಂಚು ಅಂತರ, ಸೆಕೆಂಡಿಗೆ 15 ಇಂಚಿನ ವೇಗ ಎಂದುಕೊಂಡರೆ 133 ಮಿಲಿಸೆಕೆಂಡು ತಡ. ಹಳೆಯ ಟ್ರ್ಯಾಕನ್ನು ಓದುವ ಹೆಡ್ಡಿನಿಂದ ಕೇಳುತ್ತಾ ಹೊಸದನ್ನು ಬರೆದರೆ ಎರಡೂ ಎಂದಿಗೂ ಕೂಡುವುದಿಲ್ಲ. ಮೆಂಫಿಸಿನಲ್ಲಿ ಸ್ಯಾಮ್ ಫಿಲಿಪ್ಸ್ ಇದೇ ತಡವನ್ನು ಪ್ರತಿಧ್ವನಿಯಾಗಿ ಬೆರೆಸಿ ಎಲ್ವಿಸ್ ಪ್ರೀಸ್ಲಿಯ ಮೊದಲ ರೆಕಾರ್ಡುಗಳಿಗೆ ಮೆರುಗು ಕೊಟ್ಟ. ಆದರೆ ಪದರ ಕಟ್ಟುವವನಿಗೆ ಅದು ಶತ್ರು. ಆಂಪೆಕ್ಸ್ ಕಂಪನಿಯ ರಾಸ್ ಸ್ನೈಡರ್ ಸರಳ ಉಪಾಯ ಕಂಡುಕೊಂಡ: ಬರೆಯುವ ಹೆಡ್ಡಿನಲ್ಲೇ, ಬರೆಯದ ಟ್ರ್ಯಾಕುಗಳನ್ನು ಓದು. ಇದನ್ನು ಸೆಲ್-ಸಿಂಕ್ ಎಂದು ಕರೆದರು. 1957ರಲ್ಲಿ ಲೆಸ್ ಪಾಲ್ ಮನೆಗೆ ಬಂದ ಎಂಟು ಟ್ರ್ಯಾಕಿನ ಯಂತ್ರದಲ್ಲಿ ಅದಿತ್ತು. ಬರೆಯುವ ಹೆಡ್ಡು ಓದಿದರೆ ದನಿ ಮಂಕು. ಆದರೂ ಸರಿಯಾದ ಹೊತ್ತಿಗೆ ಬರುತ್ತಿತ್ತು.

ನಲವತ್ತು ವರ್ಷದ ನಂತರ ಕಂಪ್ಯೂಟರುಗಳಲ್ಲಿ ಅದೇ ತಡ ಮತ್ತೆ ಹುಟ್ಟಿತು. ವಿಂಡೋಸಿನ ಸದ್ದಿನ ವ್ಯವಸ್ಥೆ ಮಾಡಿದ್ದು ಟಿಂಗ್ ಎನ್ನಲು, ಸಿನಿಮಾ ತೋರಿಸಲು. ಹತ್ತನೇ ಒಂದು ಸೆಕೆಂಡು ತಡವಾದರೆ ಯಾರಿಗೂ ಏನೂ ಆಗುವುದಿಲ್ಲ, ಸಂಗೀತಗಾರನಿಗೆ ಬಿಟ್ಟು. 1997ರಲ್ಲಿ ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಕಂಪನಿ ಆ ವ್ಯವಸ್ಥೆಯನ್ನು ಬಳಸಿಕೊಂಡು ಹೋಗದೆ, ಬದಿಯಿಂದ ನೇರವಾಗಿ ಡಬ್ಬಿಯ ಜೊತೆ ಮಾತಾಡುವ ಆಸಿಯೋ ಎಂಬ ದಾರಿ ತೆರೆದು ಎಲ್ಲರಿಗೂ ಕೊಟ್ಟಿತು. ನನ್ನ ತಪ್ಪು ಇದೇ. ಡಬ್ಬಿಯವರ ಆಸಿಯೋ ಡ್ರೈವರನ್ನು ಹಾಕಿದ್ದೆ, ಸಾಫ್ಟ್‌ವೇರಿನಲ್ಲಿ ಅದನ್ನು ಆರಿಸಿರಲಿಲ್ಲ. ಆರಿಸಿ, ಬಿಂದಿಗೆಯನ್ನು 128 ಹನಿಗೆ ಇಳಿಸಿದೆ. ಈಗ ಒಟ್ಟು ತಡ ಹತ್ತು ಮಿಲಿಸೆಕೆಂಡಿನ ಆಸುಪಾಸು, ಸ್ಟೇಜಿನಲ್ಲಿ ಆಂಪ್ಲಿಫೈಯರು ಮೂರು ಮೀಟರು ಹಿಂದಿದ್ದಂತೆ. 64ಕ್ಕೆ ಇಳಿಸಿದರೆ ಲ್ಯಾಪ್‌ಟಾಪು ಸುಸ್ತಾಗಿ ಪಟಪಟ ಸಿಡಿಯಿತು, ಮತ್ತೆ 128ಕ್ಕೆ ಬಂದೆ.

ಆದರೆ ಮಾವ ಕೂರಲು ಒಪ್ಪಲಿಲ್ಲ. “ಮಿಷನ್ನು ಸರಿ ಮಾಡಿದ್ದೀನಿ ಮಾವ, ನಿಮ್ಮದೇನೂ ತಪ್ಪಿರಲಿಲ್ಲ” ಎಂದರೆ, ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂಬಂತೆ ನಕ್ಕರು.

ಆಗ ನೆನಪಾಯಿತು, ಆ ರಾತ್ರಿಯ ಮೊದಲ ಸಾಲುಗಳು ಅಳಿಸದೆ ಉಳಿದಿದ್ದವು. ಪರದೆಯ ಮೇಲೆ ಟಕ್‌ಟಕ್‌ನ ಗೆರೆಗಳು, ಅವುಗಳ ಬಲಕ್ಕೆ ಸ್ವಲ್ಪ ಸ್ವಲ್ಪ ತಡವಾಗಿ ಅವರ ಸ್ವರಗಳ ಗುಡ್ಡಗಳು. ಕೈ ನಡುಗಿ ತಡವಾಗಿದ್ದರೆ ಒಂದೊಂದು ಸ್ವರ ಒಂದೊಂದು ಅಳತೆಯಲ್ಲಿ ತಡವಾಗಬೇಕಿತ್ತು. ಇವು ಹಾಗಿರಲಿಲ್ಲ. ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಇಡೀ ಟ್ರ್ಯಾಕನ್ನು ಹತ್ತನೇ ಒಂದು ಸೆಕೆಂಡು ಎಡಕ್ಕೆ ಎಳೆದೆ. ಗುಡ್ಡಗಳು ಒಂದೊಂದೇ ಗೆರೆಯ ಮೇಲೆ ಹೋಗಿ ಕೂತವು. ಸ್ಪೀಕರಿನಲ್ಲಿ ಹಾಕಿದೆ. ಮಾವ ಕಣ್ಣು ಮುಚ್ಚಿ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೇಳಿದರು.

“ಇನ್ನೊಂದ್ಸಲ ಹಾಕು.”

ಹಾಕಿದೆ.

“ಇಲ್ಲಿ. ಇಲ್ಲೊಂದು” ಎಂದು ಎರಡು ಕಡೆ ಬೆರಳಿಟ್ಟರು. ನಿಜ, ಅಲ್ಲಿ ಎರಡು ಗುಡ್ಡಗಳು ಗೆರೆ ಬಿಟ್ಟು ಒಂದು ಕೂದಲಿನಷ್ಟು ಪಕ್ಕಕ್ಕಿದ್ದವು. “ಇವೆರಡು ನಂದು. ಉಳಿದಿದ್ದು ನಿನ್ನ ಡಬ್ಬೀದು.”

ಆಮೇಲೆ ನಾಲ್ಕು ಸಂಜೆ ಕೂತೆವು. ಕಿಟಕಿಗೆ ಮುಖ, ಚಾರ್ಜರು ಹೊರಗೆ, ಫ್ಯಾನು ಬಂದ್. ಒಂಬತ್ತರಲ್ಲಿ ಏಳು ಆದವು. ಉಳಿದೆರಡು ಎಷ್ಟು ತಡಕಿದರೂ ಬೆರಳಿಗೆ ಬರಲಿಲ್ಲ. ಹೋಗಲಿ ಬಿಡಿ ಮಾವ ಎಂದು ನಾನು ಕೇಬಲ್ಲು ಸುತ್ತಿ ಚೀಲಕ್ಕೆ ಹಾಕಿ ಬೆಂಗಳೂರಿಗೆ ಬಂದೆ. ಮೊನ್ನೆ ಬೆಳಿಗ್ಗೆ ಆರೂಕಾಲಕ್ಕೆ ಫೋನು. “ಎಂಟನೇದು ನೆನಪಾಯ್ತು ಕಣೋ, ಡಿ ಮೈನರು. ಭಾನುವಾರ ಆ ಡಬ್ಬಿ ತಗೊಂಡು ಬಾ” ಎಂದರು.